ಎಣಿಸದ ಇಪ್ಪತ್ತೈದು ಹೆಜ್ಜೆ

ಗಲ್ಫಿನ ಸೊಹಾರಿಗೆ ಈಗಿನಷ್ಟು ಅಗಲದ ರಸ್ತೆಗಳು ಬಂದಿರದ ದಿನಗಳಲ್ಲಿ ನಮ್ಮ ಮನೆ ಒಂದು ಖರ್ಜೂರದ ತೋಟದ ಒಳಗಿತ್ತು. ಅಪ್ಪ ಅಲ್ಲಿ ಪಂಪು, ಟ್ರ್ಯಾಕ್ಟರು, ಜನರೇಟರು ನೋಡಿಕೊಳ್ಳುತ್ತಿದ್ದರು. ಅಪ್ಪನ ಕೆಲಸ ಮೆಚ್ಚಿ ತೋಟದ ಮಾಲೀಕರೇ ವೀಸಾ ಮಾಡಿಸಿ ಅಮ್ಮ, ದಿನೇಶಣ್ಣ ಮತ್ತು ನನ್ನನ್ನು ಕಾರ್ಕಳದಿಂದ ಕರೆಸಿಕೊಂಡಿದ್ದರು. ಕೆಲಸದವರೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು.

ಇಂಡಿಯನ್ ಸ್ಕೂಲಿನ ಬಸ್ಸು ಹೆದ್ದಾರಿಯ ರೌಂಡಬೌಟಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಗೆ ಬಿಡುವ ಗಾಡಿ ಸಿಕ್ಕಿದ ದಿನ ಸ್ಕೂಲು, ಸಿಗದ ದಿನ ತೋಟ. ಏಳನೆಯ ಕ್ಲಾಸಿನ ನಂತರ ನನಗೆ ತೋಟವೇ ಗಟ್ಟಿಯಾಯಿತು. ಕನ್ನಡ ಓದಲು ಕಲಿಸಿದ್ದು ಅಮ್ಮ, ಊರಿನಿಂದ ಹಪ್ಪಳ ಸುತ್ತಿಕೊಂಡು ಬಂದ ಪೇಪರಿನ ಮೇಲೆ ಬೆರಳಿಟ್ಟು. ಆ ತೋಟದ ವಾಸನೆ ಈಗಲೂ ಮೂಗಿನಲ್ಲಿದೆ. ಬೆಳಿಗ್ಗೆ ಪಂಪಿನ ಡೀಸೆಲು, ಆಮೇಲೆ ಮೇವಿಗೆ ಹೊಸದಾಗಿ ಕೊಯ್ದ ಕುದುರೆಮೆಂತೆ ಸೊಪ್ಪು, ಸಂಜೆ ಅರ್ಬಾಬ್ ಮನೆಯ ಕಡೆಯಿಂದ ಲೋಬಾನದ ಹೊಗೆ, ಅದರ ನಡುವೆ ನಮ್ಮ ಅಡುಗೆಮನೆಯ ಬಂಗುಡೆ ಸಾರು. ಎಣ್ಣೆ ಡಬ್ಬದ ಮುಚ್ಚಳಗಳನ್ನು ಪೇರಿಸಿ ಅಣ್ಣನೂ ನಾನೂ ಲಗೋರಿ ಆಡುತ್ತಿದ್ದೆವು. ಇಬ್ಬರೇ ಆಡುವ ಲಗೋರಿ ಎಷ್ಟು ಹೊತ್ತು ನಡೆದೀತು? ಹಾಗಾಗಿ ಬಿಲ್ಲು ಬಂದಾಗ ನಾವಿಬ್ಬರೂ ಅದಕ್ಕೆ ಅಂಟಿಕೊಂಡೆವು.

ತೋಟದ ಹಿಂದೆ ಜಲ್ಲಿ ನೆಲದ ದೊಡ್ಡ ಬಯಲಿತ್ತು. ಅದಕ್ಕೆ ಸುತ್ತಲೂ ಬೇಲಿ ಹಾಕಿ ಅರ್ಬಾಬ್ ಜಿಂಕೆ ಸಾಕಿದ್ದರು. ಗುಡ್ಡದ ಕಾಡುಜಿಂಕೆ ಮುಟ್ಟಿದರೆ ಜೈಲು. ಇವು ಬೇಲಿಯೊಳಗೇ ಹುಟ್ಟಿ ಬೆಳೆದವು. ಬಕ್ರೀದಿನ ಈದ್ ಊಟಕ್ಕೆ ಒಂದು ಗಂಡು ಜಿಂಕೆಯನ್ನು ತೆಗೆಯುತ್ತಿದ್ದರು. ಬಂದೂಕು ಹಾರಿಸಿದರೆ ಉಳಿದವು ಬೆದರಿ ಬೇಲಿಗೆ ಬಡಿದುಕೊಂಡು ಕಾಲು ಮುರಿದುಕೊಳ್ಳುತ್ತವೆ ಎಂದು ಅರ್ಬಾಬ್ ಬಿಲ್ಲಿನಿಂದಲೇ ಹೊಡೆಯುತ್ತಿದ್ದರು. ಬಾಣ ತಾಗಿದ ಕೂಡಲೇ ಓಡಿಹೋಗಿ, ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಚೂರಿ ಹಾಕಬೇಕು. ಇಲ್ಲದಿದ್ದರೆ ಅವರು ಆ ಮಾಂಸ ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಅವರ ಭುಜಕ್ಕೆ ನೋವು ಬಂತು, ಬಿಲ್ಲು ಎಳೆಯಲು ಆಗುತ್ತಿರಲಿಲ್ಲ. ಆಗ ಅವರ ಕಣ್ಣು ಬಿದ್ದದ್ದು ಅಣ್ಣನ ಮೇಲೆ. ಅಣ್ಣನಿಗೆ ಹದಿನೈದು, ನನಗೆ ಹನ್ನೊಂದು. ಅಣ್ಣ ಉದ್ದ ಕೈಯವನು, ಮಾತು ಕಡಿಮೆ, ಉಸಿರು ಹಿಡಿದು ನಿಂತರೆ ಕಂಬದ ಹಾಗೆ.

ಕಲಿಸುವ ಮೊದಲ ದಿನ ಅಣ್ಣ ಉಮೇದಿನಿಂದ ಕೇಳಿದ, "ಅರ್ಬಾಬ್, ಈ ಬಾಣ ಎಷ್ಟು ದೂರ ಹೋಗುತ್ತದೆ?"

ಅರ್ಬಾಬ್ ತಮ್ಮ ಮುರುಕು ಹಿಂದಿಯಲ್ಲಿ ಗದರಿದರು. "ಕಿತನಾ ದೂರ್ ಜಾತಾ, ವೋ ಛೋಡೋ. ಕಿತನಾ ದೂರ್ ಪಕ್ಕಾ, ವೋ ಬೋಲೋ."

ಎಷ್ಟು ದೂರ ಪಕ್ಕಾ ಎಂದು ತಿಳಿಯಲು ಅವರದೊಂದು ಕ್ರಮವಿತ್ತು. ಮರಳು ತುಂಬಿದ ಗೋಣಿಯ ಮೇಲೆ ಅಮ್ಮನ ಸಾರಿನ ಪಾತ್ರೆಯ ಮುಚ್ಚಳ ಇಟ್ಟು ಇದ್ದಿಲಿನಲ್ಲಿ ಸುತ್ತ ಗೆರೆ ಎಳೆಯುವುದು. ಜಿಂಕೆಯ ಎದೆಯಲ್ಲಿ ಬಾಣ ಬೀಳಬೇಕಾದ ಜಾಗ ಅಷ್ಟೇ. ಹತ್ತು ಹೆಜ್ಜೆಯಿಂದ ಐದು ಬಾಣ. ಐದೂ ಗೆರೆಯೊಳಗೆ ಬಿದ್ದರೆ ಎರಡು ಹೆಜ್ಜೆ ಹಿಂದೆ. ಹೀಗೆ ಹೋಗಿ ಹೋಗಿ ಎಲ್ಲಿ ಒಂದು ಬಾಣ ಹೊರಗೆ ಬಿತ್ತೋ ಅಲ್ಲಿಂದ ಐದು ಹೆಜ್ಜೆ ಮುಂದೆ ಬರಬೇಕು. ಅದು ನಿನ್ನ ದೂರ. ಗೋಣಿ ಓಡುವುದಿಲ್ಲ, ಜಿಂಕೆ ಓಡುತ್ತದೆ. ಬಿಲ್ಲಿನ ನಾರಿಯ ಸದ್ದಿಗೆ ಅದು ಮೈ ತಗ್ಗಿಸಿ ಹಾರುತ್ತದೆ. ಎದುರು ಪ್ರಾಣಿ ನಿಂತಾಗ ನಿನ್ನ ಎದೆಯೂ ಹೊಡೆದುಕೊಳ್ಳುತ್ತದೆ. ಆ ಐದು ಹೆಜ್ಜೆ ಇದೆಲ್ಲಕ್ಕೆ. ಅಣ್ಣನಿಗೆ ಮೂವತ್ತನೆಯ ಹೆಜ್ಜೆಯಲ್ಲಿ ಒಂದು ಬಾಣ ತಪ್ಪಿತು. ಅವನ ದೂರ ಇಪ್ಪತ್ತೈದು ಎಂದು ನಿಂತಿತು.

ಇನ್ನು ನನ್ನ ಕೆಲಸ. ಬಯಲಿನಲ್ಲಿ ದೂರ ಕಣ್ಣಿಗೆ ಸುಳ್ಳು ಹೇಳುತ್ತದೆ. ಮರಗಳ ಸಾಲಿನಲ್ಲಿ ನೂರು ಹೆಜ್ಜೆ ಎಂದರೆ ನೂರೇ ಕಾಣುತ್ತದೆ, ಬೋಳು ಜಲ್ಲಿಯ ಮೇಲೆ ಅರವತ್ತು ಎನಿಸುತ್ತದೆ. ಹಾಗಾಗಿ ಬಿಲ್ಲಿನವನು ನಮ್ಮ ಬನ್ನಿಯಂಥದೇ ಒಂದು ಗಾಫ್ ಮರದ ಹಿಂದೆ ಕೂರಬೇಕು, ಆ ಮರದಿಂದ ಅವನ ಇಪ್ಪತ್ತೈದು ಹೆಜ್ಜೆಗೆ ಸುಣ್ಣ ಬಳಿದ ಕಲ್ಲಿಟ್ಟು, ಕಲ್ಲಿನ ಪಕ್ಕ ಸೊಪ್ಪು ಹಾಕಬೇಕು. ಅಣ್ಣ ಬಯಲಿನಲ್ಲಿ ಓಡಾಡಿದರೆ ಜಿಂಕೆಗಳು ಮೂಲೆಗೆ ಹೋಗಿ ನಿಲ್ಲುತ್ತಿದ್ದವು. ದಿನಾ ಸೊಪ್ಪು ಹಾಕುತ್ತಿದ್ದವಳು ನಾನು, ನನಗೆ ಹೆದರುತ್ತಿರಲಿಲ್ಲ. ಆದರೆ ಎಣಿಸಬೇಕಾದದ್ದು ನನ್ನ ಹೆಜ್ಜೆಯಲ್ಲ, ಅಣ್ಣನ ಹೆಜ್ಜೆ. ನೀರು ಬಿಟ್ಟ ಪಾತಿಯ ಕೆಸರಿನಲ್ಲಿ ಅವನನ್ನು ನಡೆಸಿ, ಹಿಂದಿನಿಂದ ಅವನ ಹೆಜ್ಜೆಗುರುತಿನ ಮೇಲೆ ಕಾಲಿಟ್ಟು ವಾರಗಟ್ಟಲೆ ಕಲಿತೆ.

"ಕಪ್ಪೆ ಹಾಗೆ ಹಾರುತ್ತಿ ನೋಡು," ಎಂದು ಅಣ್ಣ ನಗುತ್ತಿದ್ದ.

"ಕಪ್ಪೆ ಇಲ್ಲದಿದ್ದರೆ ನಿನ್ನ ಬಾಣ ಬೇಲಿಗೆ," ಎನ್ನುತ್ತಿದ್ದೆ.

ಒಂದು ತಿಂಗಳಲ್ಲಿ ನನ್ನ ಲೆಕ್ಕ ಎಷ್ಟು ಕರಾರುವಾಕ್ಕಾಯಿತೆಂದರೆ, ಅರ್ಬಾಬ್ ಹಗ್ಗ ಹಿಡಿದು ಅಳೆದು ನೋಡಿ ತಲೆಯಾಡಿಸಿದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಎಣಿಸಿದರೆ ಅದು ಸರಿಯೇ ಇರುತ್ತಿತ್ತು.

ಎಣಿಸಿದರೆ.

ಆ ವರ್ಷ ಈದ್ ಚಳಿಯಲ್ಲೇ ಬಂದಿತ್ತು. ಅದಕ್ಕೆ ನಾಲ್ಕು ದಿನ ಮೊದಲು ಅಣ್ಣ ನನ್ನ ಕೈಗೆ ಬಿಲ್ಲು ಕೊಟ್ಟ. ಹನ್ನೆರಡು ಹೆಜ್ಜೆಯಿಂದ ಐದರಲ್ಲಿ ನಾಲ್ಕು ಗೆರೆಯೊಳಗೆ ಹಾಕಿದೆ. ಅಣ್ಣ ಬಾಯಿ ಬಿಟ್ಟು ನೋಡಿದ.

"ಅರ್ಬಾಬ್‌ಗೆ ಹೇಳುತ್ತೀಯಾ? ನನಗೂ ಒಂದು ಸಣ್ಣ ಬಿಲ್ಲು ತರಿಸಲಿಕ್ಕೆ?" ಎಂದೆ.

"ಹೇಳುತ್ತೇನೆ, ದೇವರಾಣೆ," ಎಂದ.

ಹೊಡೆಯುವ ದಿನ ಮಧ್ಯಾಹ್ನ ಅರ್ಬಾಬ್ ತಮ್ಮ ನೆಂಟರೊಂದಿಗೆ ಗಾಡಿಯಲ್ಲಿ ಬಂದರು. ಚಾಪೆ ಹಾಸಿ, ಕಹ್ವಾ ಕಾಫಿ, ಹಲ್ವಾ ಇಟ್ಟರು. ತುಪ್ಪ ಮೇಲೆ ತೇಲುವ ಬಿಸಿ ಹಲ್ವಾ, ಏಲಕ್ಕಿಯ ಪರಿಮಳ. ಎಲ್ಲರೂ ಅಣ್ಣನ ಬೆನ್ನು ತಟ್ಟಿದರು. ನಾನು ಅಣ್ಣನ ಅಂಗಿ ಎಳೆದೆ. ಅವನು ಹೇಳಲಿಲ್ಲ. ನೆಂಟರಲ್ಲೊಬ್ಬರು ನನ್ನನ್ನು ತೋರಿಸಿ, "ಇವಳೂ ಬಾಣ ಬಿಡುತ್ತಾಳಾ?" ಎಂದು ಅವರೇ ಕೇಳಿದರು. ಬಾಗಿಲು ತಾನಾಗಿ ತೆರೆದ ಹಾಗೆ. ಅಣ್ಣ ನಕ್ಕುಬಿಟ್ಟ.

"ಇವಳಾ? ಇವಳಿಗೆ ಸೊಪ್ಪು ಹಾಕಲಿಕ್ಕೆ ಮಾತ್ರ ಬರುತ್ತದೆ."

ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ಹಲ್ವಾವನ್ನು ತಟ್ಟೆಗೆ ವಾಪಸು ಇಟ್ಟೆ.

"ಯಲ್ಲಾ, ಯಲ್ಲಾ," ಎಂದು ಅರ್ಬಾಬ್ ಚಪ್ಪಾಳೆ ತಟ್ಟಿದರು. ಸೊಪ್ಪಿನ ಕಟ್ಟನ್ನು ತಲೆಯ ಮೇಲಿಟ್ಟು, ಸುಣ್ಣದ ಕಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಗಾಫ್ ಮರದಿಂದ ಹೊರಟೆ. ಒಂದು, ಎರಡು ಎಂದು ಶುರುವಾದದ್ದು ಐದಾರಕ್ಕೆ ನಿಂತುಹೋಯಿತು. ಸೊಪ್ಪು ಹಾಕಲಿಕ್ಕೆ ಮಾತ್ರ, ಸೊಪ್ಪು ಹಾಕಲಿಕ್ಕೆ ಮಾತ್ರ ಎಂದು ಕಾಲು ಹೇಳುತ್ತಿತ್ತು. ಜಿಂಕೆಗಳು ಎದುರಿನಿಂದ ಬಂದವು. ಅವು ನನ್ನನ್ನು ಮುಟ್ಟಿದಲ್ಲಿ ಕಟ್ಟು ಎಸೆದು, ಕಲ್ಲಿಟ್ಟು ವಾಪಸು ಬಂದೆ.

ಮರದ ಹಿಂದಿದ್ದ ಅಣ್ಣ ಪಿಸುಗುಟ್ಟಿದ, "ಎಣಿಸಿದೆಯಲ್ಲ?"

"ಹ್ಞೂ."

"ಸ್ವಲ್ಪ ದೂರ ಕಾಣುತ್ತದಲ್ಲ ಮಾರಾಯ್ತಿ."

"ಇಪ್ಪತ್ತೈದೇ. ಬೇಕಾದರೆ ನೀನೇ ಹೋಗಿ ಎಣಿಸು."

ಅವನು ಹೋಗಲಾರ ಎಂದು ನನಗೆ ಗೊತ್ತಿತ್ತು. ಅವನ ಕಣ್ಣು ಸರಿಯಾಗಿಯೇ ಹೇಳಿತ್ತು. ಅವನು ಕಣ್ಣನ್ನು ಬಿಟ್ಟು ನನ್ನನ್ನು ನಂಬಿದ.

ದೊಡ್ಡ ಗಂಡು ಕಲ್ಲಿನ ಪಕ್ಕ ಅಡ್ಡ ನಿಂತು ತಲೆ ತಗ್ಗಿಸಿತು. ಅಣ್ಣ ಎಳೆದ, ನಿಂತ, ಬಿಟ್ಟ. ಕೈ ಒಂದಿಷ್ಟೂ ಅದುರಲಿಲ್ಲ. ಆದರೆ ಇಪ್ಪತ್ತೈದಕ್ಕೆ ಗುರಿ ಹಿಡಿದ ಬಾಣ ಅದಕ್ಕಿಂತ ದೂರ ಹೋಗುವಾಗ ಗೇಣುಗಟ್ಟಲೆ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಜಿಂಕೆಯೂ ಸದ್ದು ಕೇಳಿ ಮುಂದಕ್ಕೆ ಹಾರಿತು. ಎದೆಗೆ ಬೀಳಬೇಕಾದ ಬಾಣ ಹೊಟ್ಟೆಯ ಅಡಿಗೆ ಬಿತ್ತು.

ಅದು ಬಿದ್ದು ಸಾಯಲಿಲ್ಲ. ಬಾಣ ನೇತಾಡಿಸಿಕೊಂಡು ಬೇಲಿಯುದ್ದಕ್ಕೂ ಓಡಿತು. ಅಪ್ಪ, ಕೆಲಸದವರು, ನೆಂಟರು ಎಲ್ಲ ಓಡಿದರು. ಅದು ಕೂಗುತ್ತಿತ್ತು. ಜಿಂಕೆ ಕೂಗುತ್ತದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಹಿಡಿಯಲು ಒಂದು ಗಂಟೆ ಹಿಡಿಯಿತು. ಹಿಡಿಯುವ ಹೊತ್ತಿಗೆ ಜೀವ ಹೋಗಿತ್ತು. ಅರ್ಬಾಬ್ ಚೂರಿಯನ್ನು ಒರೆಗೆ ಸೇರಿಸಿ, ಗುಂಡಿ ತೋಡಿ ಹೂಳಿ ಎಂದರು.

ಅಪ್ಪ ಎಲ್ಲರೆದುರು ಅಣ್ಣನ ಕೆನ್ನೆಗೆ ಹೊಡೆದರು. "ದೂರ ಗೊತ್ತಾಗದವನು ಯಾಕೆ ಬಿಟ್ಟೆ?"

ಅರ್ಬಾಬ್ ಅಪ್ಪನ ಕೈ ಹಿಡಿದು, "ಖಲಾಸ್, ಬಿಡು," ಎಂದರು. ಬೈಯಲಿಲ್ಲ. ಬಿಲ್ಲನ್ನು ಗಾಡಿಯ ಹಿಂದೆ ಹಾಕಿಕೊಂಡು ಹೋದರು.

ಇಷ್ಟೇ ಆಗಿದ್ದರೆ ಮಕ್ಕಳ ಸಿಟ್ಟು ಎನ್ನಬಹುದಿತ್ತು. ಸಂಜೆ ಬೆಳಕಿರುವಾಗಲೇ, ಎಲ್ಲರೂ ಗುಂಡಿಯ ಹತ್ತಿರವಿದ್ದಾಗ, ನಾನು ಗಾಫ್ ಮರಕ್ಕೆ ಹೋದೆ. ಈ ಸಲ ಎಣಿಸಿದೆ. ಕಲ್ಲಿನವರೆಗೆ ಮೂವತ್ತನಾಲ್ಕು. ಕಲ್ಲನ್ನು ಎತ್ತಿ ಒಂಬತ್ತು ಹೆಜ್ಜೆ ಈಚೆಗೆ ತಂದಿಟ್ಟೆ. ಉಳಿದ ಸೊಪ್ಪಿನ ಕಡ್ಡಿಗಳನ್ನು ಲಂಗದಲ್ಲಿ ತುಂಬಿ ತಂದು ಅದರ ಸುತ್ತ ಚೆಲ್ಲಿದೆ. ಜಲ್ಲಿಯ ಮೇಲೆ ಗುರುತು ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಅಣ್ಣ ಬೇಲಿಯೊಳಗೆ ಹೋಗುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮರದಿಂದ ಕಲ್ಲಿಗೆ ನಡೆದ. ತಿರುಗಿ ಕಲ್ಲಿನಿಂದ ಮರಕ್ಕೆ ನಡೆದ. ಒಳಗೆ ಬಂದು ಅಮ್ಮನ ಪಕ್ಕ ಕುಳಿತ. ಅಮ್ಮ ನೀರುದೋಸೆ ಹಾಕುತ್ತಿದ್ದರು.

"ಕಲ್ಲು ಸರಿಯೇ ಉಂಟಮ್ಮ. ಇಪ್ಪತ್ತೈದು. ನನ್ನ ಕೈಯೇ ಸರಿ ಇಲ್ಲ, ಕಣ್ಣೂ ಸರಿ ಇಲ್ಲ. ನನಗೆ ಅದು ದೂರ ಕಂಡಿತು."

"ಹೋಗಲಿ ಬಿಡು ಮಗಾ, ತಿನ್ನು," ಎಂದರು ಅಮ್ಮ.

ಅವನು ನನ್ನ ಕಡೆ ತಿರುಗಿ, "ನಿನ್ನೆ ನಾನು ನಿನ್ನನ್ನು ಹಾಗೆ ಹೇಳಬಾರದಿತ್ತು ಶೋಭಾ," ಎಂದ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿಲ್ಲ ಎಂದು ಆ ಕ್ಷಣದಲ್ಲೇ ತಿಳಿದಿತ್ತು. ನಾನು ದೋಸೆ ಹರಿದು ತಿಂದೆ.

ಈದ್ ಮುಗಿದ ಮೇಲೆ ಅರ್ಬಾಬ್ ತಾವಾಗಿ ಕರೆದರು, "ಮತ್ತೆ ಗೋಣಿಯಿಂದ ಶುರು ಮಾಡು" ಎಂದರು. ಅಣ್ಣ ಹೋಗಲಿಲ್ಲ. ಅಪ್ಪನ ಜೊತೆ ಪಂಪಿನ ಕೆಲಸಕ್ಕೆ ಸೇರಿದ.

ಇದೆಲ್ಲ ಆಗಿ ಇಪ್ಪತ್ತನಾಲ್ಕು ವರ್ಷ. ಅರ್ಬಾಬ್ ತೀರಿಕೊಂಡರು, ಮಕ್ಕಳು ತೋಟ ಹಂಚಿಕೊಂಡರು. ಬಯಲಿದ್ದಲ್ಲಿ ಈಗ ಟೈಲ್ಸ್ ಮಾರುವ ಶೋರೂಮುಗಳಿವೆ. ಗಾಫ್ ಮರವನ್ನು ಮಾತ್ರ ಕಡಿದಿಲ್ಲ, ಅದರ ನೆರಳಲ್ಲಿ ಟ್ರಕ್ಕು ನಿಲ್ಲಿಸುತ್ತಾರೆ. ನಾನು ರಾಜಧಾನಿಯ ವಾದಿ ಕಬೀರಿನಲ್ಲಿ ಗ್ಯಾರೇಜುಗಳ ಮೇಲಿನ ಮಹಡಿಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇನೆ. ಟೇಪು ಹಾಕದೆ ಕಣ್ಣಳತೆಯಲ್ಲೇ ತೋಳು ಕತ್ತರಿಸುತ್ತೇನೆ, ಒಂದೂ ವಾಪಸು ಬಂದದ್ದಿಲ್ಲ. ಅಣ್ಣ ಸೊಹಾರಿನಲ್ಲೇ ಒಂದು ಕಾರ್ಖಾನೆಯಲ್ಲಿದ್ದಾನೆ. ಅವನು ಬಿಗಿದ ಬೋಲ್ಟನ್ನು ಇನ್ನೊಬ್ಬರು ನೋಡಿ ಸರಿ ಎನ್ನುವವರೆಗೆ ಅಲ್ಲಿಂದ ಏಳುವುದಿಲ್ಲವಂತೆ. ಈ ದೇಶದಲ್ಲಿ ಕಾರಿಲ್ಲದೆ ಬದುಕುವುದು ಕಷ್ಟ, ಆದರೂ ಅವನು ಲೈಸೆನ್ಸ್ ಮಾಡಿಸಲಿಲ್ಲ. ಇಲ್ಲಿ ಪರೀಕ್ಷೆಗೆ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತರಬೇಕು. "ನನಗೆ ಅಂತರ ಗೊತ್ತಾಗುವುದಿಲ್ಲ" ಎಂದು ಡ್ರಮ್ಮಿನ ಹತ್ತಿರವೂ ಸುಳಿಯಲಿಲ್ಲ. ಕ್ರೇನ್ ನಡೆಸುವ ತರಬೇತಿಗೆ ಕಂಪನಿಯವರು ಎರಡು ಸಲ ಅವನ ಹೆಸರು ಹಾಕಿದರು. ಎರಡು ಸಲವೂ ಅದೇ ಮಾತು ಹೇಳಿ ಹೆಸರು ತೆಗೆಸಿದ.

ಕಳೆದ ಶುಕ್ರವಾರ ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಸುತ್ತಿ ಬಳಸಲಿಲ್ಲ. ಎಣಿಸದೆ ಕಲ್ಲಿಟ್ಟದ್ದು, ಸುಳ್ಳು ಹೇಳಿದ್ದು, ಸಂಜೆ ಹೋಗಿ ಸರಿಸಿದ್ದು.

ಆ ಕಡೆ ಟಿವಿಯಲ್ಲಿ ಅವನ ಮಕ್ಕಳು ಏನೋ ಇಂಗ್ಲಿಷಿನದು ನೋಡುತ್ತಿದ್ದದ್ದು ಕೇಳುತ್ತಿತ್ತು.

"ಸರಿಯಾಗಿ ಎಷ್ಟಿತ್ತು?" ಎಂದು ಕೇಳಿದ.

"ಮೂವತ್ತನಾಲ್ಕು."

"ಮೂವತ್ತನಾಲ್ಕರಿಂದ ತಾಗಿಸಿದೆನಾ ನಾನು?"

ಆ ಸ್ವರ ಹದಿನೈದರ ಹುಡುಗನದು. ಅದನ್ನು ಕೇಳಿ ನನಗೆ ಅಳು ತಡೆಯಲಾಗಲಿಲ್ಲ.

"ಅಳಬೇಡ," ಎಂದ. "ಮರುದಿನ ಬೆಳಿಗ್ಗೆಯೇ ಹೇಳಿದ್ದರೆ ಎರಡು ಬಾರಿಸಿ ದೋಸೆ ತಿನ್ನುತ್ತಿದ್ದೆ ಮಾರಾಯ್ತಿ. ಅಷ್ಟೇ ಆಗಿತ್ತು ಅದು."

ಆಮೇಲೆ ಊರಿನ ಸುದ್ದಿ, ಅಮ್ಮನ ಮೊಣಕಾಲಿನ ನೋವು ಎಂದು ಮಾತಾಡಿ ಫೋನು ಅತ್ತಿಗೆಗೆ ಕೊಟ್ಟ. ಅತ್ತಿಗೆಗೆ ಏನೂ ಗೊತ್ತಿರಲಿಲ್ಲ. ಎಂದಿನಂತೆ ಹರಟುತ್ತಾ ಅವರೇ ಹೇಳಿದರು, ಕ್ರೇನಿಗೆ ಈ ವರ್ಷವೂ ಹುಡುಗರನ್ನು ತೆಗೆದುಕೊಂಡರಂತೆ, ಮೂವತ್ತೈದರ ಒಳಗಿನವರನ್ನು ಮಾತ್ರ. ಅಣ್ಣನಿಗೆ ಈಗ ಮೂವತ್ತೊಂಬತ್ತು.