ಜನರನ್ನು ಹೊರಗೆ ಕಳಿಸಿದ ಸಭೆ

ಚಳಿ ಬೇಗ ಬಿಡದ ಉತ್ತರದ ಈ ಪುಟ್ಟ ನಗರದಲ್ಲಿ ಚುನಾಯಿತ ನಗರಸಭೆಯು ನಿಯಮಕ್ಕೆ ತಲೆಬಾಗುತ್ತದೆಂದು ಜನ ಇಷ್ಟುಕಾಲ ನಂಬಿದ್ದರೆ, ಅದಕ್ಕೆ ಕಾರಣರು ಈಗ ನಿವೃತ್ತರಾಗುತ್ತಿರುವ ಸಭಾ ಕಾರ್ಯದರ್ಶಿಯವರು. ಅಧ್ಯಕ್ಷರು ಬಂದರು, ಹೋದರು. ಪಕ್ಷಗಳು ಮಗ್ಗುಲು ಬದಲಿಸಿದವು. ಸಭೆಯ ಶಿಸ್ತನ್ನು ಮಾತ್ರ ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದರು.

ಗಿರಣಿ ಬಡಾವಣೆಯಿಂದ ಗೆದ್ದು ಬಂದ ಹೊಲಿಗೆಯಾಕೆ ಮೊದಲ ಸಭೆಯಲ್ಲಿ ಎದ್ದು ನಿಂತು, ಬಾಯೊಣಗಿ, ಹಾಗೇ ಕುಳಿತುಬಿಟ್ಟರು. ಯಾರೋ ಕಿಸಕ್ಕೆಂದರು. ಮರುದಿನದಿಂದ ಕಾರ್ಯದರ್ಶಿಯವರು ಖಾಲಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, "ಕೇಳಿಸ್ತಿಲ್ಲಮ್ಮ, ಇನ್ನೂ ಗಟ್ಟಿಯಾಗಿ," ಎನ್ನುತ್ತ ಆಕೆಗೆ ಮಾತು ಕಲಿಸಿದರು. ಆ ಮಾತಿನ ಬಲದಿಂದಲೇ ಬಡಾವಣೆಗೆ ಹೆರಿಗೆ ಆಸ್ಪತ್ರೆ ಬಂತು. ಅದೇ ಬಲದಿಂದ ಆಕೆ ಮುಂದೆ ಅಧ್ಯಕ್ಷೆಯೂ ಆದರು.

ಕಳೆದ ಚಳಿಗಾಲ ಅದೇ ಆಸ್ಪತ್ರೆಯನ್ನು ಮುಚ್ಚಿ ಕಟ್ಟಡವನ್ನು ಖಾಸಗಿಯವರಿಗೆ ವಹಿಸುವ ಪ್ರಸ್ತಾವ ಸಭೆಗೆ ಬಂತು. ಬಡಾವಣೆಯ ಹೆಂಗಸರು ಸಾರ್ವಜನಿಕರ ಸಾಲುಗಳಲ್ಲಿ ಕಿಕ್ಕಿರಿದು ಕುಳಿತಿದ್ದರು. ಅವರಲ್ಲಿ ಕಾರ್ಯದರ್ಶಿಯವರ ಅಕ್ಕನೂ ಇದ್ದರು. ಅಕ್ಕನ ಸೊಸೆಗೆ ತಿಂಗಳು ತುಂಬುತ್ತಿತ್ತು. ಯಾರೂ ಗಲಾಟೆ ಮಾಡಿರಲಿಲ್ಲ. ಆದರೂ ಜನರನ್ನು ಹೊರಗೆ ಕಳಿಸಿಯೇ ಸಭೆ ನಡೆಯಬೇಕೆಂದು ಅಧ್ಯಕ್ಷೆ ಸೂಚಿಸಿದರು. ಕಾರ್ಯದರ್ಶಿಯವರು ಬಳಿಗೆ ಹೋಗಿ, "ನೀವು ಇವರ ಮಧ್ಯದಿಂದಲೇ ಬಂದೋರಮ್ಮ," ಎಂದರು.

"ಅದಕ್ಕೇ ಸಾರ್. ಇವರು ಎದುರಿಗೆ ಕೂತಿದ್ರೆ ನನ್ನ ಕೈ ಮೇಲೇಳಲ್ಲ."

ನಿಯಮದಲ್ಲಿ ಅವಕಾಶವಿತ್ತು, ಬಹುಮತವೂ ಇತ್ತು. ಕಾರ್ಯದರ್ಶಿಯವರೇ ಸಾಲು ಸಾಲಿಗೂ ಹೋಗಿ, ಕೈಮುಗಿದು ಎಲ್ಲರನ್ನೂ ಎಬ್ಬಿಸಿದರು. "ನೀನೂ ಹೇಳ್ತೀಯೇನೋ, ತಮ್ಮ?" ಎಂದಷ್ಟೇ ಕೇಳಿ ಅಕ್ಕ ಎದ್ದು ನಡೆದರು. ಜನ ಮೆಟ್ಟಿಲಿಳಿಯುವಷ್ಟರಲ್ಲಿ ಪ್ರಸ್ತಾವ ಅಂಗೀಕಾರವಾಗಿತ್ತು.

ವಾರದೊಳಗೆ ಆಸ್ಪತ್ರೆಗೆ ಬೀಗ ಬಿತ್ತು. ಅಕ್ಕನ ಸೊಸೆಗೆ ದೂರದ ಆಸ್ಪತ್ರೆಯ ದಾರಿಯಲ್ಲಿ, ಬಸ್ಸಿನಲ್ಲೇ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಅಂದಿನಿಂದ ಅಕ್ಕ ತಮ್ಮನ ಮನೆಯ ಹೊಸ್ತಿಲು ತುಳಿದಿಲ್ಲ.

ಬೀಳ್ಕೊಡುಗೆಯ ಶುಭಸಂದರ್ಭದಲ್ಲಿ ಇದೆಲ್ಲ ಬೇಕಿತ್ತೇ ಎಂದು ಕೆಲವರು ಕೇಳಿಯಾರು. ಇದನ್ನು ಹೇಳದೆ ತಮ್ಮನ್ನು ಹೊಗಳಬಾರದೆಂದು ಷರತ್ತು ಹಾಕಿದವರು ಸ್ವತಃ ಅವರೇ.

ಸಲಹೆಗಾರರಾಗಿ ಉಳಿಯಿರೆಂದು ಅಧ್ಯಕ್ಷೆ ಹೇಳಿಕಳಿಸಿದಾಗ ಅವರು ಒಪ್ಪಲಿಲ್ಲ. ಹಳೆಯ ಕಾರೊಂದನ್ನು ಕೊಂಡು, ಬಸುರಿಯರನ್ನು ದೂರದ ಆಸ್ಪತ್ರೆಗೆ ತಾವೇ ಕರೆದೊಯ್ಯುವುದಾಗಿ ಬಡಾವಣೆಯಲ್ಲಿ ಮನೆಮನೆಗೂ ಹೇಳಿಬಂದಿದ್ದಾರೆ. ಕಾರು ಹಗಲೆಲ್ಲ ಬೀದಿಯ ತುದಿಯಲ್ಲಿ ನಿಂತಿರುತ್ತದೆ. ಹೆಂಗಸರು ಅದರ ಪಕ್ಕದಿಂದಲೇ ಹಾದು ಬಸ್ಸಿಗೆ ಹೋಗುತ್ತಾರೆ. ಒಬ್ಬರಾದರೂ ಅದರ ಬಾಗಿಲು ತೆರೆದು ಕೂರುವ ದಿನದವರೆಗೆ ಮಾನ್ಯರಿಗೆ ಆಯುಸ್ಸಿರಲಿ.