ಬಣ್ಣ ಬಳಿದ ಪೈಪು

ಅವಳಿಗೆ ಪೈಪಮ್ಮ ಎಂದು ಹೆಸರಿಟ್ಟವರು ಹಾರ್ಡ್‌ವೇರ್ ಅಂಗಡಿಯವರು. ಬಂದವಳೇ ಪೈಪನ್ನು ಹೆಬ್ಬೆರಳಿನಿಂದ ಒತ್ತುವಳು, ಬಗ್ಗಿಸುವಳು, ಅಂಚಿನ ದಪ್ಪ ನೋಡಿ ಮೂಗು ಮುರಿಯುವಳು. ಪೈಪು ಕೊಳ್ಳಲು ಬಂದಳೋ ಜಗಳ ಕಾಯಲು ಬಂದಳೋ ತಿಳಿಯದೆ ಅಂಗಡಿಯವರು ಗೊಣಗುತ್ತಿದ್ದರು. ಕೆಣಕಲೆಂದೇ ಇಟ್ಟ ಹೆಸರು ಅದು. ಅವಳು ಫೋನಿನಲ್ಲೂ ಠೀವಿಯಿಂದ "ನಾನು ಪೈಪಮ್ಮ" ಎನ್ನತೊಡಗಿದ ಮೇಲೆ ಕೆಣಕುವವರ ಬಾಯಿಗೆ ಬೀಗ ಬಿತ್ತು.

ಮದುವೆಯಾಗಿ ಬಂದಾಗ ಅವಳಿಗೆ ಟೆಸ್ಟರು ಹಿಡಿಯುವುದು ಹೇಗೆಂದೂ ಗೊತ್ತಿರಲಿಲ್ಲ. ಮನೆಗೆ ಯಜಮಾನರು ಭಾವ, ಅಂದರೆ ಗಂಡನ ಅಣ್ಣ. ವೈರಿಂಗ್ ಗುತ್ತಿಗೆ ಅವರದು, ಗಂಡ ಅವರ ಕೈಕೆಳಗಿನ ವೈರ್‌ಮನ್. ಕೆಳಗೆ ಭಾವನ ಸಂಸಾರ, ಮೇಲಿನ ಮನೆಯಲ್ಲಿ ಇವರದು. ಗಂಡನಿಗೆ ಊಟದ ಡಬ್ಬಿ ಕೊಡಲು ಹೋದವಳು ಏಣಿ ಹಿಡಿದುಕೊಂಡಳು, ಸ್ವಲ್ಪ ದಿನಕ್ಕೆ ತಾನೇ ಏಣಿ ಹತ್ತಿದಳು. ಮಾಳಿಗೆಗಳ ಮೇಲೆ ಸೋಲಾರ್ ಫಲಕ ಕೂರಿಸುವ ಕಾಲ ಬಂದಾಗ, ವೈರು ಹಾಯಿಸುವ ಪೈಪಿನ ಕೆಲಸವೆಲ್ಲ ಅವಳ ಪಾಲಿಗೆ ಬಂತು.

ಆಗ ಶುರುವಾಯಿತು ಅವಳ ಹುಚ್ಚು. ಹೊಸ ಬಗೆಯ ಪೈಪು ಬಂದರೆ ಒಂದು ತುಂಡು ತಂದು ಮನೆಯ ಮಾಳಿಗೆಯ ಕಂಬಿಗೆ ಕಟ್ಟುವಳು. ಬಿಸಿಲು, ಮಳೆ, ಚಳಿ ಎಲ್ಲವನ್ನೂ ಉಂಡ ಮೇಲೆ ಬಿಚ್ಚಿ, ನೆಲಕ್ಕಿಟ್ಟು ಸುತ್ತಿಗೆಯಿಂದ ಒಂದು ಏಟು. ಕೆಲವು ಪಟ್ಟೆಂದು ಒಡೆಯುತ್ತಿದ್ದವು, ಕೆಲವು ಏಟು ತಿಂದು ಸುಮ್ಮನಿರುತ್ತಿದ್ದವು. ಸುಮ್ಮನಿದ್ದದ್ದಕ್ಕೆ ಮಾತ್ರ ಅವಳ ಕೆಲಸದಲ್ಲಿ ಜಾಗ. "ಬೇರೆಯವರ ಸೊಸೆಯಂದಿರು ಬಟ್ಟೆ ಒಣಗಿಸ್ತಾರೆ, ನಮ್ಮವಳು ಪೈಪು ಒಣಗಿಸ್ತಾಳೆ," ಎಂದು ಅತ್ತೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ.

ಜಗಳ ಹತ್ತಿಕೊಂಡದ್ದು ಶಾಲೆಯ ಮಾಳಿಗೆಯಲ್ಲಿ. ಭಾವ ಹಿಡಿದ ಕೆಲಸಗಳಲ್ಲೇ ಅದು ದೊಡ್ಡದು. ಪೈಪಮ್ಮ ತವರಿಗೆ ಹೋಗಿ ಬರುವಷ್ಟರಲ್ಲಿ ಬೇರೆ ಆಳುಗಳು ಪೈಪನ್ನು ಅರ್ಧಕ್ಕರ್ಧ ಹಾಕಿ ಮುಗಿಸಿದ್ದರು. ಗಂಡ ಕೆಳಗೆ ಸ್ವಿಚ್‌ಬೋರ್ಡಿನ ಕೋಣೆಯಲ್ಲಿದ್ದ. ದೂರದಿಂದ ನೋಡಿದರೆ ಬಿಸಿಲು ತಡೆಯುವ ಕಪ್ಪು ಪೈಪೇ. ಹತ್ತಿರ ಹೋಗಿ ಉಗುರಿನಿಂದ ಕೆರೆದಳು. ಒಳಗಿನಿಂದ ಬಿಳಿ ಇಣುಕಿತು. ಗೋಡೆಯೊಳಗೆ ಹುದುಗಿಸುವ ತೆಳು ಪೈಪಿಗೆ ಬಣ್ಣ ಬಳಿದಿದ್ದರು. ಅವಳ ಮೈಯೆಲ್ಲ ಉರಿದುಹೋಯಿತು.

ಭಾವ ಅಂಗಳದಲ್ಲಿ ನಿಂತಿದ್ದರು. ಅವಳು ಮೇಲಿನಿಂದಲೇ ಕೂಗಿದಳು.

"ಭಾವ, ಇದನ್ನೆಲ್ಲ ಬಿಚ್ಚಿಸಿ!"

"ಬಣ್ಣ ಹೊಡೆಸಿದೀನಲ್ಲಮ್ಮ, ಇನ್ನೇನು? ಒಳಗೆ ಹಾಯಿಸೋ ವೈರೇ ಬಿಸಿಲು ತಡೆಯುತ್ತೆ. ಮೇಲೆ ಹತ್ತಿ ಯಾರು ನೋಡ್ತಾರೆ?"

"ಬಿಸಿಲು ನೋಡುತ್ತೆ. ಬಣ್ಣ ಏಳುತ್ತೆ, ಪೈಪು ಒಡೆಯುತ್ತೆ, ಒಡೆದ ಚೂರು ವೈರನ್ನ ಕೊಯ್ಯುತ್ತೆ. ಬಿಸಿಲಿರೋವರೆಗೂ ಸೋಲಾರ್ ಫಲಕದಿಂದ ಬರೋ ವೈರಲ್ಲಿ ಕರೆಂಟು ಇರುತ್ತೆ, ಕೆಳಗೆ ಸ್ವಿಚ್ ಆರಿಸಿದ್ರೂ ಹೋಗಲ್ಲ. ಇಲ್ಲಿ ಮಕ್ಕಳು ಆಡೋಕೆ ಬರ್ತಾರೆ, ಭಾವ!"

"ನನಗೇ ಪಾಠ ಹೇಳ್ತೀಯಾ?"

"ನಮ್ಮನೆ ಮೇಲೆ ಹಾಕಿಸೋವಾಗ ಒಳ್ಳೇದನ್ನೇ ತಂದ್ರಲ್ಲ, ಯಾಕೆ?"

ಭಾವನ ಮುಖ ಕಪ್ಪಿಟ್ಟಿತು. ಶಾಲೆಯ ಜವಾನ, ಗಾರೆಯವರು, ಎಲ್ಲರೂ ಕೆಲಸ ಬಿಟ್ಟು ಕತ್ತೆತ್ತಿ ನೋಡುತ್ತಿದ್ದರು. ನಾಲ್ಕು ಜನರ ಮುಂದೆ ಮಾನ ಹೋದಮೇಲೆ ಅವರಿಗೆ ನಾಲಗೆಯ ಮೇಲೆ ಹಿಡಿತ ಉಳಿಯಲಿಲ್ಲ.

"ಇಳಿದು ಮನೆಗೆ ನಡಿ! ಇಲ್ಲ ಅಂದ್ರೆ ಕೆಲಸಾನೂ ಇಲ್ಲ, ಮೇಲಿನ ಮನೇನೂ ಇಲ್ಲ. ಗಂಡ ಹೆಂಡ್ತಿ ಇಬ್ಬರೂ ಗಂಟುಮೂಟೆ ಕಟ್ಟಿ!"

ಸುಳ್ಳು ಯಾಕೆ ಹೇಳಬೇಕು, ಹೆದರಿದಳು. ಭಾವ ಆಡಿದ್ದನ್ನು ಮಾಡಿ ತೋರಿಸುವವರೇ. ಆದರೂ ಹೋಗಿ ಪೈಪಿನ ಸಾಲಿಗೆ ಅಡ್ಡಲಾಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಇಳಿಯಲ್ಲ. ಬೇಕಾದ್ರೆ ಎತ್ಕೊಂಡು ಹೋಗಿ."

ಭಾವ ಸ್ವಿಚ್‌ಬೋರ್ಡಿನ ಕೋಣೆಯಲ್ಲಿದ್ದ ತಮ್ಮನನ್ನು ಕೂಗಿ ಕರೆದರು. "ಹೋಗು, ನಿನ್ನ ಹೆಂಡ್ತೀನ ಇಳಿಸ್ಕೊಂಡು ಬಾ."

ಗಂಡನನ್ನು ಹಾಲುಗಲ್ಲದ ಹುಡುಗನಾಗಿದ್ದಾಗಿನಿಂದ ಸಾಕಿದ್ದು, ಕೆಲಸ ಕಲಿಸಿದ್ದು ಅಣ್ಣನೇ. ಅಣ್ಣ ಹಾಕಿದ ಗೆರೆಯನ್ನು ಅವನು ದಾಟಿದ್ದೇ ಇಲ್ಲ. ಏಣಿಯ ಸದ್ದು ಕೇಳಿದ್ದೇ ಅವಳು ಮುಖ ತಿರುಗಿಸಿಕೊಂಡಳು. ಭಾವನ ಕೂಗಿಗೆ ಅಳದವಳ ಕಣ್ಣು ಈಗ ತುಂಬಿ ಬಂತು. ಇವನೂ ಅಷ್ಟೇ ಎಂದುಕೊಂಡಳು.

ಗಂಡ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಪೈಪನ್ನು ಮುಟ್ಟಿ ನೋಡಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದನ್ನು ಬಿಗಿದಿದ್ದ ಒಂದು ಕ್ಲಾಂಪು ಬಿಚ್ಚಿದ, ಇನ್ನೊಂದು ಬಿಚ್ಚಿದ. ವೈರು ಇನ್ನೂ ಹಾಯಿಸಿರಲಿಲ್ಲ. ಉದ್ದನೆಯ ಪೈಪೊಂದನ್ನು ಹೆಗಲಿಗೇರಿಸಿಕೊಂಡು ಮೋಟುಗೋಡೆಯ ಹತ್ತಿರ ಹೋಗಿ ಕೆಳಗೆ ಬಗ್ಗಿದ.

"ಅಣ್ಣಾ, ಸ್ವಲ್ಪ ಆ ಕಡೆ ಸರಿ. ಇದೆಲ್ಲ ಕೆಳಗೆ ಬೀಳುತ್ತೆ."

ಭಾವ ಸರಿದು ನಿಂತರು.