ನಡುವೆ ನಾಲ್ಕು ಬೆರಳು

ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲೂಕಾದ ಮೇಲಿನ ಮಾತಿದು. ಆಗ ನಾನು ಜಗಳೂರಿನ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೈದಾನದ ಕೆಲಸಕ್ಕಿದ್ದೆ. ಸುಣ್ಣದ ಪುಡಿಯಲ್ಲಿ ಕೋರ್ಟಿನ ಗೆರೆ ಎಳೆಯುವುದು, ಕಂಬ ನಿಲ್ಲಿಸುವುದು, ವಾಲಿಬಾಲ್ ನೆಟ್ ಕಟ್ಟುವುದು ನನ್ನ ಕೆಲಸ. ಓದಿದ್ದು ಆರನೇ ತರಗತಿ. ಓದಿಸುವವರಿರಲಿಲ್ಲ ಎಂದಲ್ಲ, ನನಗೆ ನಾಲ್ಕು ಗೋಡೆಯೊಳಗೆ ಕೂರುವುದು ಒಗ್ಗಲಿಲ್ಲ. ನನ್ನ ತಂಗಿ ರತ್ನ ಓದಿದಳು, ಅದೇ ಶಾಲೆಗೆ ದೈಹಿಕ ಶಿಕ್ಷಕಿಯಾಗಿ ಬಂದಳು. ಗೇಟಿನೊಳಗೆ ಅವಳು ರತ್ನಾ ಮಿಸ್, ನಾನು ತಿಪ್ಪಣ್ಣ. ಗೇಟು ದಾಟಿದ ಮೇಲೆ ಅಣ್ಣ ತಂಗಿ.

ನಮ್ಮ ಮೈದಾನ ಊರಿನ ಅಂಚಿಗಿತ್ತು. ಅದರಾಚೆ ಮೆಕ್ಕೆಜೋಳದ ಹೊಲ. ಬೆಳಗ್ಗೆ ಎಳೆದ ಗೆರೆಯನ್ನು ಸಂಜೆಯೊಳಗೆ ಕುರಿಮಂದೆ ತುಳಿದು ಹಾಕುತ್ತಿತ್ತು. ಬಿಳಿ ಗೊರಸಿನ ಗುರುತು ಹೊಲದ ಕಡೆಗೆ ನಡೆದುಕೊಂಡು ಹೋದಂತೆ ಕಾಣುತ್ತಿತ್ತು. ಮರುದಿನ ಮತ್ತೆ ಎಳೆಯುತ್ತಿದ್ದೆ. ಬಿಸಿಲೇರುವ ಮುಂಚೆ, ಮಂಜೋ ಧೂಳೋ ತಿಳಿಯದ ಆ ಹೊತ್ತಿನಲ್ಲಿ, ನೆಟ್ ಮಾತ್ರ ಗಾಳಿಯಲ್ಲಿ ತೇಲುತ್ತಿದೆ, ಕಂಬಗಳೇ ಇಲ್ಲ ಅನ್ನಿಸುತ್ತಿತ್ತು. ಈಗಲೂ ನಿದ್ದೆಯಲ್ಲಿ ಹಾಗೆಯೇ ಕಾಣುತ್ತದೆ. ಒಂದು ಚೆಂಡು ಅದರ ಮೇಲೆ ಏರುತ್ತದೆ, ಇಳಿಯುವುದೇ ಇಲ್ಲ.

ನೆಟ್ ಕಟ್ಟುವುದರಲ್ಲಿ ನನಗೊಂದು ಹೆಸರಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಎಲ್ಲಿ ಹೆಣ್ಣುಮಕ್ಕಳ ಪಂದ್ಯವಾದರೂ ಮೇಷ್ಟ್ರುಗಳು ಹೇಳಿ ಕಳಿಸುತ್ತಿದ್ದರು. ನನ್ನ ಹತ್ತಿರ ಒಂದು ಬಿದಿರಿನ ಅಳತೆ ಕೋಲಿತ್ತು. ಅದರ ಮೇಲೆ ಗಂಡುಮಕ್ಕಳ ನೆಟ್ಟಿಗೆ ಒಂದು ಗೀರು, ಅದಕ್ಕಿಂತ ಕೆಳಗೆ ಹೆಣ್ಣುಮಕ್ಕಳ ನೆಟ್ಟಿಗೆ ಒಂದು ಗೀರು. ನಿಯಮದ ಪ್ರಕಾರ ಅಳತೆ ಹಿಡಿಯಬೇಕಾದ್ದು ನೆಟ್ಟಿನ ನಡುಭಾಗದಲ್ಲಿ. ಆದರೆ ನಮ್ಮ ಕಡೆ ಎಲ್ಲರೂ ಕಂಬದ ಪಕ್ಕ ಕೋಲು ಒರಗಿಸಿ ನೋಡಿ, "ಆತು ಬಿಡ್ರಿ" ಅನ್ನುವುದೇ ರೂಢಿ. ಹಗ್ಗ ಬಿಗಿಯಾಗಿದ್ದರೆ ಎರಡೂ ಒಂದೇ. ಸ್ವಲ್ಪ ಸಡಿಲ ಬಿಟ್ಟರೆ ಕಂಬದಲ್ಲಿ ಸರಿಯಿದ್ದದ್ದು ನಡುವೆ ಜೋತುಬೀಳುತ್ತದೆ.

ನಾನು ಸಡಿಲ ಬಿಟ್ಟಿದ್ದೆ.

ಮೊದಲು ಮಾಡಿದ್ದು ಕನಿಕರಕ್ಕೆ. ಚೈತ್ರ ಅಂತ ಒಬ್ಬ ಹುಡುಗಿ, ಕುರಿ ಸಾಕುವವರ ಮನೆಯವಳು, ಒಂಬತ್ತನೇ ತರಗತಿ. ನಮ್ಮ ತಂಡದಲ್ಲಿ ಅವಳೇ ಶೂಟರ್, ಅಂದರೆ ಜೊತೆಯವಳು ನೆಟ್ಟಿನ ಹತ್ತಿರ ಎತ್ತಿಕೊಟ್ಟ ಚೆಂಡನ್ನು ಹಾರಿ ಆಚೆಗೆ ಬಡಿಯುವವಳು. ಆಳು ಗಿಡ್ಡ, ತೋಳಿನಲ್ಲಿ ಕಸುವು. ಹಾರಿ ಹೊಡೆದರೆ ಚೆಂಡು ನೆಟ್ಟಿನ ಮೇಲಿನ ಪಟ್ಟಿಗೆ ಬಡಿದು ನಮ್ಮ ಕಡೆಗೇ ಬೀಳುತ್ತಿತ್ತು. ಒಂದು ಸಂಜೆ ಅವಳು ಕಂಬಕ್ಕೆ ಹಣೆಯಿಟ್ಟು ನಿಂತಿದ್ದನ್ನು ನೋಡಿದೆ. ಮರುದಿನ ಹಗ್ಗ ಒಂದಿಷ್ಟು ಬಿಟ್ಟೆ. ನಡುವೆ ಇಳಿದದ್ದು ನಾಲ್ಕು ಬೆರಳು. ಅವತ್ತು ಅವಳ ಚೆಂಡು ದಾಟಿತು. ಅವಳ ನಗು ನೋಡಿದ ಮೇಲೆ ಮತ್ತೆ ಬಿಗಿಯಲು ಮನಸ್ಸು ಬರಲಿಲ್ಲ. ರತ್ನ ಒಮ್ಮೆ, "ಅಣ್ಣ, ನೆಟ್ ಜೋತಂಗೆ ಕಾಣ್ತೈತಲ್ಲ?" ಅಂದಳು. "ಗಾಳಿ ಕಣವ್ವ, ಈ ಗಾಳಿಗೆ ಯಾವ ಹಗ್ಗ ನಿಲ್ತೈತೆ?" ಅಂದೆ. ಅವಳು ನಂಬಿದಳು. ನೆಟ್ಟಿನ ವಿಚಾರದಲ್ಲಿ ನನ್ನ ಮಾತನ್ನು ಯಾರೂ ಮೀರುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಾಲ್ಕು ತಾಲೂಕಿನ ದೈಹಿಕ ಶಿಕ್ಷಕರು ಸೇರಿಕೊಂಡು, ಇಲಾಖೆಯ ಕ್ರೀಡಾಕೂಟದ ಹೊರತಾಗಿ, ಶನಿವಾರಗಳಂದು ಒಂದು ಲೀಗ್ ನಡೆಸುತ್ತಿದ್ದರು. ಗುಂಪುಗಳು ತಾಲೂಕಿನ ಲೆಕ್ಕದಲ್ಲಿದ್ದವು. ನ್ಯಾಮತಿ ಬೇರೆಯಾದ ಮೇಲೆ ಆ ಲೆಕ್ಕ ಕೆಟ್ಟಿತು. ಹಳೆಯ ಹೊನ್ನಾಳಿ ತಂಡಗಳ ಎತ್ತರದ ಹುಡುಗಿಯರೆಲ್ಲ ನ್ಯಾಮತಿ ಕಡೆಯವರು. ಒಂದು ಗುಂಪಿನಲ್ಲಿ ಬರೀ ಬಲಶಾಲಿಗಳು, ಇನ್ನೊಂದರಲ್ಲಿ ಒಂದೇ ತಂಡ ಎಲ್ಲರನ್ನೂ ಬಡಿಯುವುದು. ನಮ್ಮ ಹುಡುಗಿಯರಂತೂ ಪ್ರತಿ ವರ್ಷ ಹೀನಾಯವಾಗಿ ಸೋತು ಬರುತ್ತಿದ್ದರು. ಸೋತ ವಾರ ಇಬ್ಬರು ಬಿಡುತ್ತಿದ್ದರು, ಮುಂದಿನ ವಾರ ಮತ್ತೊಬ್ಬಳು. ಒಂದು ವರ್ಷ ಕೊನೆಯ ಪಂದ್ಯಕ್ಕೆ ಆರು ಜನವೂ ಆಗಲಿಲ್ಲ.

ಆದ್ದರಿಂದ ರತ್ನಳೇ ಹಟ ಹಿಡಿದು ಗುಂಪು ಬದಲಿಸುವ ಸಭೆ ಕರೆಸಿದಳು. ಚನ್ನಗಿರಿಯ ಶಾಲೆಯೊಂದರಲ್ಲಿ ಸಭೆ. ನಾನು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಲೀಗಿನ ಹಿರಿಯರು ಚನ್ನಗಿರಿಯ ಮಲ್ಲೇಶಪ್ಪ ಮೇಷ್ಟ್ರು. "ತಾಲೂಕಿನ ಗಡಿ ಚೆಂಡಿಗೇನು ಗೊತ್ತಾಗ್ತೈತೇನ್ರಿ? ಬಲ ನೋಡಿ ಹಂಚೋಣ. ಮೇಲಿನ ಗುಂಪು, ಕೆಳಗಿನ ಗುಂಪು. ಒಂದೊಂದು ಪಂದ್ಯ ಆಡಿಸಿ ತೂಕ ನೋಡೋಣ" ಅಂದರು.

ರತ್ನ ಎದ್ದು ನಿಂತಳು. "ನಮ್ಮನ್ನ ಕೆಳಗಿನ ಗುಂಪಿಗೆ ಹಾಕ್ರಿ ಸರ್, ನನಗೇನು ನಾಚಿಕೆ ಇಲ್ಲ. ಸರಿಸಮದೋರ ಜೊತೆ ಆಡಿದ್ರೆ ಮಕ್ಕಳು ನಾಳೆನೂ ಆಡಾಕೆ ಬರ್ತಾರೆ. ನನಗೆ ಕಪ್ ಬ್ಯಾಡ, ಟೀಮ್ ಉಳಿಬೇಕು."

ಹಿಂದಿನ ಸಾಲಿನಿಂದ ಯಾರೋ, "ಶೇಂಗಾ ಕೀಳೋ ಹುಡುಗೀರು ಕಣ್ರಿ, ನೆಲ ನೋಡೇ ರೂಢಿ. ಮೇಲೆ ನೋಡಾಕೆ ಹೆಂಗೆ ಬರ್ತೈತೆ?" ಅಂದರು. ನಗು ಎದ್ದಿತು. ರತ್ನಳೂ ನಕ್ಕು, "ಕಿತ್ತ ಶೇಂಗಾ ತಿನ್ನಾಕೆ ನಿಮಗೆ ರುಚಿ ಐತಲ್ರೀ" ಅಂದು ಕೂತಳು. ಅವಳಿಗೆ ಅದು ಅಲ್ಲಿಗೇ ಮುಗಿಯಿತು. ನನಗೆ ಮುಗಿಯಲಿಲ್ಲ. ಜಗಳೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಆ ನಗುವನ್ನೇ ಕೇಳುತ್ತಾ ಬಂದೆ.

ತೂಕ ನೋಡುವ ಪಂದ್ಯಕ್ಕೆ ನ್ಯಾಮತಿಯ ತಂಡ ನಮ್ಮ ಮೈದಾನಕ್ಕೆ ಬಂತು. ಮಲ್ಲೇಶಪ್ಪ ಮೇಷ್ಟ್ರೇ ನೋಡಲು ಬಂದರು. ಬೆಳಗ್ಗೆ ನಾನು ಒಬ್ಬನೇ ಹಗ್ಗ ಹಿಡಿದು ನಿಂತೆ. ಅವತ್ತಾದರೂ ಬಿಗಿಯಬೇಕಿತ್ತು. ಅಭ್ಯಾಸ ಬೇರೆ, ಪಂದ್ಯ ಬೇರೆ ಎಂದು ನನ್ನ ಕೈಗೆ ಗೊತ್ತಿತ್ತು. ಎರಡು ಸಲ ಬಿಗಿದೆ, ಎರಡು ಸಲ ಬಿಟ್ಟೆ. ಕೊನೆಗೆ ನಾಲ್ಕು ಬೆರಳು ಇಳಿಸಿ ಗಂಟು ಹಾಕಿದೆ. ಮೇಷ್ಟ್ರು ಬಂದು ಅಳತೆ ಕೋಲನ್ನು ಕೈಗೂ ತಗೊಳ್ಳಲಿಲ್ಲ. "ತಿಪ್ಪಣ್ಣ ಕಟ್ಟಿದ ನೆಟ್ಟಿಗೆ ಅಳತೆ ಹಿಡಿದ್ರೆ ಅಳತೆಗೇ ಅವಮಾನ" ಅಂದರು. ನಾನು ನಕ್ಕೆ. ಕೋಲನ್ನು ಗೋಡೆಗೆ ಒರಗಿಸಿಟ್ಟೆ.

ಆ ಪಂದ್ಯ ನನಗೆ ಈಗ ಸದ್ದಿಲ್ಲದೆ ಕಾಣುತ್ತದೆ. ನಮ್ಮ ಹುಡುಗಿಯರು ಅದೇ ನೆಟ್ಟಿನಲ್ಲಿ ತಿಂಗಳುಗಟ್ಟಲೆ ಆಡಿದ್ದವರು. ಅವರ ಚೆಂಡು ಪಟ್ಟಿಯನ್ನು ಸವರಿದಂತೆ ದಾಟಿ ಆಚೆ ನೆಲ ಕಚ್ಚುತ್ತಿತ್ತು. ನ್ಯಾಮತಿಯ ಎತ್ತರದ ಹುಡುಗಿಯರ ಕೈ ಸರಿಯಾದ ನೆಟ್ಟಿಗೆ ಒಗ್ಗಿತ್ತು. ಅವರು ಎಂದಿನಂತೆ ಮೇಲಿನಿಂದ ಹೊಡೆದರು, ಗಾಳಿಯೂ ಸೇರಿಕೊಂಡಿತು, ಚೆಂಡುಗಳು ಒಂದರ ಹಿಂದೊಂದು ಗೆರೆಯಾಚೆ ಮೆಕ್ಕೆಜೋಳದೊಳಗೆ ಹೋಗಿ ಬಿದ್ದವು. ಚೈತ್ರ ಹಾರಿದಾಗಲೆಲ್ಲ ಅವಳ ಜಡೆ ಒಂದು ಗಳಿಗೆ ಮೇಲೆಯೇ ನಿಂತಂತೆ. ನಾವು ಗೆದ್ದೆವು. ಹುಡುಗಿಯರು ರತ್ನಳನ್ನು ತಬ್ಬಿಕೊಂಡು ಸುಣ್ಣದ ಗೆರೆಯ ಮೇಲೆ ಬಿದ್ದು ಬೆಳ್ಳಗಾದರು.

ಮಲ್ಲೇಶಪ್ಪ ಮೇಷ್ಟ್ರು ಹೊರಡುವಾಗ ರತ್ನಳಿಗೆ ಹೇಳಿದರು: "ಏನಮ್ಮ, ಕೆಳಗಿನ ಗುಂಪು ಕೇಳ್ತಿದ್ದೆ? ನ್ಯಾಮತಿಯೋರನ್ನೇ ಕೆಡವಿದೋರು ಮೇಲಿನ ಗುಂಪಿಗೇ ಸೈ."

ರತ್ನಳ ಮುಖದಲ್ಲಿ ಹೆಮ್ಮೆಯ ಜೊತೆ ಒಂದು ಗೊಂದಲ ಬಂದುಹೋಯಿತು. ನಾನು ನೆಟ್ ಬಿಚ್ಚುವುದರಲ್ಲಿ ಮುಳುಗಿದಂತೆ ಮಾಡಿದೆ.

ಮೇಲಿನ ಗುಂಪಿನ ಮೊದಲ ಪಂದ್ಯ ಚನ್ನಗಿರಿಯಲ್ಲಿ. ಅಲ್ಲಿ ಎಂದಿನಂತೆ ನನ್ನ ಕೈಯಿಂದಲೇ ನೆಟ್ ಕಟ್ಟಿಸಿದರು, ಮಲ್ಲೇಶಪ್ಪ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಹಗ್ಗ ತಂತಿಯಂತೆ ಬಿಗಿಯಾಯಿತು. ಚೈತ್ರ ಹೊಡೆದ ಮೊದಲ ಚೆಂಡು ಪಟ್ಟಿಗೆ ಬಡಿಯಿತು. ಎರಡನೆಯದೂ ಅಲ್ಲಿಗೇ. ಎಲ್ಲ ಹುಡುಗಿಯರದೂ ಅದೇ ಜಾಗಕ್ಕೆ, ಪಟ್ಟಿಯ ಮೇಲಂಚಿಗಿಂತ ನಾಲ್ಕು ಬೆರಳು ಕೆಳಗೆ. ಒಬ್ಬಳು ತಪ್ಪಿದರೆ ತಪ್ಪು ಅನ್ನಬಹುದು. ಆರೂ ಜನ ಒಂದೇ ಅಳತೆಗೆ ತಪ್ಪಿದರೆ ಅದು ಕಲಿಸಿದ ತಪ್ಪು. ನಾನು ಕಂಬದ ಹಿಂದೆ ಕೂತು ಆ ಟಪ್ ಟಪ್ ಸದ್ದು ಎಣಿಸಲಾರದೆ ಕಿವಿ ಮುಚ್ಚಿಕೊಂಡೆ.

ಮುಂದಿನ ಶನಿವಾರ ಹೊನ್ನಾಳಿಯಲ್ಲೂ ಅದೇ ಆಯಿತು. ಅಷ್ಟರೊಳಗೆ ಇಬ್ಬರು ಹುಡುಗಿಯರು ಹೊಟ್ಟೆನೋವೆಂದು ಬರಲಿಲ್ಲ. ಪಂದ್ಯ ಮುಗಿದ ಮೇಲೆ ರತ್ನ ಮಕ್ಕಳನ್ನು ತುಂಗಭದ್ರೆಯ ದಂಡೆಗೆ ಕರೆದೊಯ್ದಳು. ಹೊಳೆ ತುಂಬಿತ್ತು, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಮೆಲ್ಲಗೆ. ನಮ್ಮ ಸೀಮೆಯ ಮಕ್ಕಳು ಅಷ್ಟು ನೀರು ನೋಡಿದ್ದು ಕಡಿಮೆ. ಆದರೂ ಯಾರೂ ಕೇಕೆ ಹಾಕಲಿಲ್ಲ. ಚೈತ್ರ ತನ್ನ ಬಲಗೈಯನ್ನು ನೀರಿನಲ್ಲಿ ಅದ್ದಿ ತೆಗೆದು, ತಿರುಗಿಸಿ ನೋಡುತ್ತಿದ್ದಳು.

"ಮಿಸ್, ನನ್ನ ಕೈಗೆ ಏನೋ ಆಗೈತೆ. ಮೊದಲು ದಾಟ್ತಿತ್ತು, ಈಗ ದಾಟವಲ್ದು. ನಾನು ಇನ್ನು ಬರಲ್ಲ, ನನ್ನಿಂದಾಗಿ ಎಲ್ರೂ ಸೋಲ್ತಾರೆ."

ರತ್ನ ಏನೋ ಸಮಾಧಾನ ಹೇಳಿದಳು. ಅದು ನನಗೆ ಕೇಳಿಸಲಿಲ್ಲ. ಆ ಒದ್ದೆ ಕೈ ಮಾತ್ರ ಕಾಣುತ್ತಿತ್ತು.

ತಂಗಿಯನ್ನು ಒಂದಿಷ್ಟು ದೂರ ಕರೆದು ಎಲ್ಲವನ್ನೂ ಹೇಳಿದೆ. ಗಾಳಿಯಲ್ಲ, ಹಗ್ಗ ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ:

"ಯಾಕಣ್ಣ?"

"ನಿನ್ನನ್ನ ನೋಡಿ ನಕ್ಕಿದ್ರಲ್ಲ ಅವತ್ತು. ತಡೀಲಿಲ್ಲ ನನಗೆ."

"ಅವರು ನಕ್ಕರೆ ನಗಲಿ. ನಮ್ಮ ಹುಡುಗೀರ ಕೈಗೆ ನೆಟ್ ಎಟುಕಲ್ಲ ಅಂತ ಅವರು ಬಾಯಾಗೆ ಅಂದ್ರು. ನೀನು ಹಗ್ಗದಾಗೆ ಅಂದೆ."

ಚಿಕ್ಕಂದಿನಲ್ಲಿ ಹೊಲದ ಬದುವಿನ ಸೀತಾಫಲದ ಕೊಂಬೆಯನ್ನು ಅವಳಿಗಾಗಿ ಬಗ್ಗಿಸಿ ಹಿಡಿಯುತ್ತಿದ್ದೆ. "ಬಿಡಣ್ಣ, ನಾನೇ ಹಾರ್ತೀನಿ" ಎಂದು ಅವಳು ಕೂಗುತ್ತಿದ್ದಳು. ನಾನು ಒಮ್ಮೆಯೂ ಬಿಟ್ಟಿರಲಿಲ್ಲ. ಅದನ್ನು ಪ್ರೀತಿ ಎಂದುಕೊಂಡಿದ್ದೆ.

"ನನಗೆ ಹೇಳಿದ್ದು ಸಾಲದು. ಹೋಗಿ ಆ ಮಗೀಗೆ ಹೇಳು" ಅಂದಳು ರತ್ನ.

ಎಲ್ಲ ಹುಡುಗಿಯರ ಮುಂದೆ ಹೇಳಿದೆ. ಚೈತ್ರ ಮೊದಲು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಕೇಳಿದಳು: "ಹಂಗಾದ್ರೆ ನನ್ನ ಕೈ ಸರಿ ಐತಾ, ಮಾಮ?"

"ಸರಿ ಐತೆ ಕಣವ್ವ. ನೆಟ್ ಸರಿ ಇರಲಿಲ್ಲ. ಕಟ್ಟಿದೋನು ಸರಿ ಇರಲಿಲ್ಲ."

"ಹಂಗಾದ್ರೆ ಅವತ್ತು ನ್ಯಾಮತಿಯೋರನ್ನ ಗೆದ್ದಿದ್ದು?"

ಅವಳ ಕಣ್ಣು ತುಂಬಿತು. ಸೋತಿದ್ದನ್ನು ಅವಳಿಂದ ಇಳಿಸಲು ಹೋಗಿ ಗೆದ್ದಿದ್ದನ್ನೂ ಕಿತ್ತುಕೊಂಡಿದ್ದೆ. ಜಗಳೂರು ಮುಟ್ಟುವವರೆಗೂ ಟೆಂಪೋದಲ್ಲಿ ಹುಡುಗಿಯರು ನನ್ನ ಪಕ್ಕದ ಜಾಗ ಬಿಟ್ಟು ಒತ್ತೊತ್ತಾಗಿ ಕೂತರು.

ಮಲ್ಲೇಶಪ್ಪ ಮೇಷ್ಟ್ರಿಗೂ ಹೋಗಿ ಹೇಳಿದೆ. ಅವರಿಗೆ ಸಿಟ್ಟಿಗಿಂತ ಆಯಾಸವೇ ಹೆಚ್ಚಾದಂತಿತ್ತು. "ನಾನೂ ಕೋಲು ಹಿಡಿಲಿಲ್ಲ ಮಾರಾಯ. ಆದ್ರೆ ಈಗ ಗುಂಪು ಬದಲಿಸಾಕೆ ಬರಲ್ಲ, ಅರ್ಧ ಪಂದ್ಯ ಮುಗಿದಾವೆ. ಈ ಸಲ ಅನುಭವಿಸ್ರಿ" ಅಂದರು. ಅನುಭವಿಸಬೇಕಾಗಿ ಬಂದದ್ದು ನಾನಲ್ಲ, ಮಕ್ಕಳು. ಅದೇ ನನ್ನನ್ನು ಇವತ್ತಿಗೂ ಸುಡುವುದು. ಹೊರಗಿನ ಪಂದ್ಯಗಳಿಗೆ ನೆಟ್ ಕಟ್ಟಲು ಆ ವರ್ಷ ಬೇರೊಬ್ಬರನ್ನು ಕರೆದರು, ಅದು ನ್ಯಾಯವೇ.

ಸೋಮವಾರ ಮೈದಾನದಲ್ಲಿ ನೆಟ್ ಬಿಗಿದು ಕಾದೆ. ಯಾರು ಬರುತ್ತಾರೋ ಗೊತ್ತಿರಲಿಲ್ಲ. ಒಬ್ಬೊಬ್ಬರಾಗಿ ಬಂದರು. ಹೊಟ್ಟೆನೋವಿನವರೂ ಬಂದರು. ಚೈತ್ರ ಎಲ್ಲರಿಗಿಂತ ಕೊನೆಗೆ, ತಮ್ಮ ಮನೆಯ ಕುರಿಗಳ ಹಿಂದೆ ನಡೆದು ಬಂದಂತೆ ಧೂಳಿನೊಳಗಿಂದ ಬಂದಳು. ನನ್ನ ಮುಖ ನೋಡಲಿಲ್ಲ. ಗೋಡೆಗೆ ಒರಗಿದ್ದ ಅಳತೆ ಕೋಲನ್ನು ತಾನೇ ತೆಗೆದುಕೊಂಡು ನೆಟ್ಟಿನ ಕೆಳಗೆ ನಡುಭಾಗದಲ್ಲಿ ನಿಲ್ಲಿಸಿ, ಗೀರಿಗೆ ಕಣ್ಣು ಹೊಂದಿಸಿ ನೋಡಿದಳು.

"ಇನ್ನೊಂದು ಬೆರಳು ಐತೆ. ಬಿಗಿ ಮಾಡ್ರಿ."

ಬಿಗಿದೆ. ಅವಳು ಹಾರಿ ಹೊಡೆದಳು. ಚೆಂಡು ಪಟ್ಟಿಗೆ ಬಡಿಯಿತು. ರತ್ನ ಇನ್ನೊಂದು ಚೆಂಡು ಎತ್ತಿಕೊಟ್ಟಳು.

ಆ ಸಲ ಉಳಿದ ಪಂದ್ಯಗಳನ್ನೆಲ್ಲ ಸೋತೆವು. ಆದರೆ ಪ್ರತಿ ಪಂದ್ಯಕ್ಕೂ ಆರು ಜನ ಇದ್ದರು. ಕೊನೆಯ ಪಂದ್ಯ ನ್ಯಾಮತಿಯಲ್ಲಿ. ಅಲ್ಲಿ ನಾನು ನೋಡುವವರ ಸಾಲಿನಲ್ಲಿ ನಿಂತಿದ್ದೆ. ಎರಡನೇ ಸೆಟ್ಟಿನಲ್ಲಿ ಚೈತ್ರ ಹೊಡೆದ ಒಂದು ಚೆಂಡು ಪಟ್ಟಿಗೆ ತಾಗದೆ ದಾಟಿ ಇಬ್ಬರು ಎತ್ತರದ ಹುಡುಗಿಯರ ನಡುವೆ ಬಿತ್ತು. ಸಿಕ್ಕಿದ್ದು ಒಂದೇ ಪಾಯಿಂಟು, ಸೆಟ್ ಅವರದೇ. ಅವಳು ಸುತ್ತ ಯಾರನ್ನೂ ನೋಡಲಿಲ್ಲ. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು, ಸೆರಗಿಲ್ಲದ ಜರ್ಸಿಗೆ ಒರೆಸಿಕೊಂಡಳು, ಸರ್ವಿಸ್‌ಗೆ ಹೋದಳು.

ಮುಂದಿನ ವರ್ಷ ನಮ್ಮನ್ನು ಕೆಳಗಿನ ಗುಂಪಿಗೆ ಹಾಕಿದರು. ಮಕ್ಕಳು ಗೆದ್ದರು, ಸೋತರು, ಮರುವಾರ ಬಂದರು. ರತ್ನ ಕೇಳಿದ್ದು ಅಷ್ಟೇ ಆಗಿತ್ತು, ಅದನ್ನು ಒಂದು ವರ್ಷ ತಡವಾಗಿ ಪಡೆದಳು. ಗುಂಪು ಹಂಚುವವರು ಬಲ ತೂಗಿ ಹಂಚಬೇಕು, ಆಡುವವರು ಆಡಬೇಕು. ನೆಟ್ ಕಟ್ಟುವವನ ಕೆಲಸ ಎರಡು ಕಡೆಯವರಿಗೂ ಒಂದೇ ಎತ್ತರ ಕೊಡುವುದು, ಆಚೆ ಪ್ರೀತಿಯವರಿದ್ದರೂ ಈಚೆ ಪ್ರೀತಿಯವರಿದ್ದರೂ. ಕಂಬದ ಹತ್ತಿರ ಎಲ್ಲರದೂ ಸರಿಯಾಗಿಯೇ ಕಾಣುತ್ತದೆ. ಅಳತೆಯನ್ನು ನಡುವೆ ಹಿಡಿಯಬೇಕು.

ಈಗಲೂ ನಮ್ಮ ಮೈದಾನದಲ್ಲಿ ನೆಟ್ ಕಟ್ಟುವುದು ನಾನೇ. ಕೋಲು ಹಿಡಿಯುವುದು ಮಾತ್ರ ಹುಡುಗಿಯರು. ನಾನು ಹಗ್ಗದ ತುದಿ ಹಿಡಿದು ಕಾಯುತ್ತೇನೆ. ಅವರು ಆತು ಅನ್ನುವವರೆಗೆ ಗಂಟು ಹಾಕುವುದಿಲ್ಲ.